ಪೇಪರ್ ಕವರು, ಅರಗು, ಒಂದು ಸಹಿ: ಸಣ್ಣ ಬಜೆಟ್ಟಿನ ಕ್ರೈಂ ಥ್ರಿಲ್ಲರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಮಂಡ್ಯ, ಮೈಸೂರು ಕಡೆಯಿಂದ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ವಿಷಯದ ಮೇಲಿವೆ. ಸರಣಿ ಕೊಲೆ, ಶವಪರೀಕ್ಷೆ, ರಕ್ತದ ಕಲೆ, ಸಿನಿಮಾ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಪುಟ ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಮೂವರು ಸ್ನೇಹಿತರು. ಶಾರ್ಟ್ ಫಿಲಂ ಮಾಡಿ ಅನುಭವ ಇದೆ. ಈಗ ಪೂರ್ತಿ ಸಿನಿಮಾಗೆ ಕೈ ಹಾಕಿದ್ದೇವೆ. ನಾಲೆ ಬಯಲಿನಲ್ಲಿ ಒಂದರ ಹಿಂದೆ ಒಂದು ಕೊಲೆ, ಪತ್ತೆ ಮಾಡುವವಳು ಒಬ್ಬ ಫೊರೆನ್ಸಿಕ್ ವಿಜ್ಞಾನಿ. ಬಜೆಟ್ 25 ಲಕ್ಷ. ದುಡ್ಡು ಹಾಕುತ್ತಿರುವ ನಮ್ಮ ಸೋದರಮಾವ, 'ಲ್ಯಾಬ್ ಸೆಟ್ಟಿಗೆ ಎಲ್ಲಿಂದ ತರ್ಲಿ, ಫೊರೆನ್ಸಿಕ್ ಬಿಟ್ಟು ಅವಳನ್ನ ಇನ್ಸ್‌ಪೆಕ್ಟರ್ ಮಾಡ್ರೋ' ಅಂತಿದ್ದಾರೆ. ಬಿಡಬೇಕಾ ಸರ್?
— ಓದುಗರು, ಮಂಡ್ಯ

ಉತ್ತರ: ಬಿಡಬೇಡಿ. ಫೊರೆನ್ಸಿಕ್ ಅಂದ್ರೆ ಗಾಜಿನ ಗೋಡೆ, ನೀಲಿ ಲೈಟು, ದೊಡ್ಡ ದೊಡ್ಡ ಸ್ಕ್ರೀನು ಅನ್ನೋದು ನಾವು ಟೀವಿ ನೋಡಿ ನೋಡಿ ತಲೆಯಲ್ಲಿ ತುಂಬಿಕೊಂಡಿದ್ದು. ಎಷ್ಟೋ ಕೇಸುಗಳ ಹಣೆಬರಹ ಲ್ಯಾಬಿಗೆ ಹೋಗುವ ಮೊದಲೇ, ಶವ ಬಿದ್ದ ಜಾಗದಲ್ಲೇ ತೀರ್ಮಾನವಾಗಿರುತ್ತದೆ. ಅಲ್ಲಿ ಬೇಕಾಗುವ ಸಾಮಾನು ಯಾವುದು ಹೇಳಿ? ಪೇಪರ್ ಕವರು, ದಾರ, ಅರಗು, ಹತ್ತಿ, ಗ್ಲೌಸು, ಟೇಪು, ಪೆನ್ನು. ಮಂಡ್ಯದ ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ.

ಒಂದು ದೃಶ್ಯ ಹೇಳುತ್ತೇನೆ. ಕಬ್ಬಿನ ಗದ್ದೆಯ ಬದುವಿನ ಮೇಲೆ ರಕ್ತ ಹತ್ತಿದ ಶರ್ಟ್ ಸಿಕ್ಕಿದೆ, ಇನ್ನೂ ಒದ್ದೆ. ಅದನ್ನು ಹಾಗೇ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಒಳಗೆ ಬೆವೆತು, ಬೂಷ್ಟು ಹಿಡಿದು, ಡಿಎನ್‌ಎ ಹಾಳಾಗುತ್ತದೆ. ಅದಕ್ಕೆ ಮೊದಲು ನೆರಳಲ್ಲಿ, ಶುದ್ಧವಾದ ಕಾಗದದ ಮೇಲೆ ಹರಡಿ ಆರಿಸಬೇಕು. ಕಲೆಗೆ ಕಲೆ ತಾಗದ ಹಾಗೆ ಮಧ್ಯೆ ಕಾಗದ ಇಟ್ಟು ಮಡಚಬೇಕು. ಪೇಪರ್ ಕವರಿಗೆ ಹಾಕಿ, ದಾರ ಕಟ್ಟಿ, ಅರಗು ಕಾಯಿಸಿ ಸುರಿದು, ಮೊಹರು ಒತ್ತಬೇಕು. ಮೇಲೆ ಸ್ಟೇಷನ್ ಹೆಸರು, ಕ್ರೈಂ ನಂಬರ್, ಜಾಗ, ದಿನ, ಸಮಯ, ಪಂಚರ (ಸ್ಥಳದಲ್ಲಿ ಸಾಕ್ಷಿಯಾಗಿ ನಿಂತವರ) ಸಹಿ. ಅದೇ ಮೊಹರನ್ನು ಇನ್ನೊಂದು ಕಾಗದದ ಮೇಲೂ ಒತ್ತಿ ಮಾದರಿ ಅಂತ ಜೊತೆಗೆ ಕಳಿಸುತ್ತಾರೆ. ಲ್ಯಾಬಿನವರು ಕವರು ಬಿಚ್ಚುವ ಮೊದಲು ಎರಡೂ ತಾಳೆ ಆಗುತ್ತಾ ಅಂತ ನೋಡುತ್ತಾರೆ.

ಈ ಇಷ್ಟನ್ನೂ ಅವಸರ ಮಾಡದೆ, ಕೈಗಳ ಕ್ಲೋಸಪ್ಪಿನಲ್ಲಿ ತೋರಿಸಿ. ಆಮೇಲೆ ಇನ್ನೊಂದು ಕೊಲೆಯಲ್ಲಿ, ಬೇರೆ ಸ್ಟೇಷನ್ನಿನಲ್ಲಿ, ಅದೇ ತರಹದ ಶರ್ಟ್ ಪ್ಲಾಸ್ಟಿಕ್ ಕವರಿನಲ್ಲಿ ಜೀಪಿನ ಹಿಂದಿನ ಸೀಟಿನ ಕೆಳಗೆ ಬಿಸಿಲಿಗೆ ಬಿದ್ದಿರುವುದನ್ನು ಒಂದೇ ಒಂದು ಶಾಟ್ ತೋರಿಸಿ. ಮಾತು ಬೇಡ, ಸಂಗೀತ ಬೇಡ. ಮೊದಲ ದೃಶ್ಯ ನೋಡಿದ ಪ್ರೇಕ್ಷಕನಿಗೆ ಎದೆ ಧಸಕ್ ಅನ್ನುತ್ತದೆ. ಅದಕ್ಕೆ ನಿಮಗೆ ಆಗುವ ಖರ್ಚು ಒಂದು ಕವರಿನ ಬೆಲೆ.

ನಾಯಕಿ ಯಾರು ಅನ್ನೋದನ್ನೂ ಗಟ್ಟಿ ಮಾಡಿಕೊಳ್ಳಿ. ಸಿನಿಮಾಗಳಲ್ಲಿ ಒಬ್ಬಳೇ ಶವ ಕೊಯ್ಯುತ್ತಾಳೆ, ಡಿಎನ್‌ಎ ನೋಡುತ್ತಾಳೆ, ಕೊಲೆಗಾರನನ್ನು ಅಟ್ಟಿಸಿಕೊಂಡೂ ಹೋಗುತ್ತಾಳೆ. ನಿಜದಲ್ಲಿ ಇವು ಬೇರೆ ಬೇರೆಯವರ ಕೆಲಸ. ಪೋಸ್ಟ್ ಮಾರ್ಟಂ ಮಾಡುವವರು ಡಾಕ್ಟರ್‌ಗಳು, ಅಂದ್ರೆ ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಂಥ ಕಡೆ ಫೊರೆನ್ಸಿಕ್ ಮೆಡಿಸಿನ್ ವಿಭಾಗದವರು. ರಕ್ತ, ವಿಷ, ಗುಂಡು, ಕೈಬರಹ ಪರೀಕ್ಷೆ ಮಾಡುವವರು ಎಫ್‌ಎಸ್‌ಎಲ್, ಅಂದ್ರೆ ಸರ್ಕಾರದ ಫೊರೆನ್ಸಿಕ್ ಲ್ಯಾಬಿನ ವಿಜ್ಞಾನಿಗಳು. ರಾಜ್ಯದ ಮುಖ್ಯ ಲ್ಯಾಬ್ ಬೆಂಗಳೂರಿನ ಮಡಿವಾಳದಲ್ಲಿದೆ, ಮೈಸೂರಿನಲ್ಲಿ ಪ್ರಾದೇಶಿಕ ಲ್ಯಾಬ್ ಇದೆ. ಬಂಧಿಸುವ ಅಧಿಕಾರ ಇವರಿಬ್ಬರಿಗೂ ಇಲ್ಲ. ಆ ಅಧಿಕಾರ ಇಲ್ಲದಿರುವುದೇ ನಿಮ್ಮ ಕತೆಯ ಬಲ ಅಂತ ನನ್ನ ಅಭಿಪ್ರಾಯ. ಅವಳಿಗೆ ಗೊತ್ತು, ಆದರೆ ಅವಳು ರಿಪೋರ್ಟ್ ಬರೆಯಬಹುದು ಅಷ್ಟೇ. ಓದಬೇಕಾದವರು ಓದಬೇಕಲ್ಲ.

ಇನ್ನೊಂದು. ಕತೆ ಯಾವ ವರ್ಷದ್ದು ಅಂತ ಮೊದಲೇ ತೀರ್ಮಾನ ಮಾಡಿ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 176(3)ನೇ ಕಲಂ ಪ್ರಕಾರ 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕು, ಸಾಕ್ಷ್ಯ ಸಂಗ್ರಹದ ವಿಡಿಯೊ ಆಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದ ಅವಕಾಶ ಇದೆ. ಹಳೆಯ ಕಾಲಕ್ಕೆ ಇಟ್ಟರೆ ಆ ಕಾಲದ ಗಾಡಿ, ಫೋನು, ಬೋರ್ಡುಗಳಿಗೇ ನಿಮ್ಮ ದುಡ್ಡು ಕರಗುತ್ತದೆ. ಈಗಿನ ಕಾಲಕ್ಕೇ ಇಡಿ.

ಪ್ರಶ್ನೆ: ರಕ್ತ ತೊಳೆದ ಜಾಗಕ್ಕೆ ಏನೋ ಸ್ಪ್ರೇ ಮಾಡಿದ ತಕ್ಷಣ ನೆಲವೆಲ್ಲ ನೀಲಿಯಾಗಿ ಹೊಳೆಯುತ್ತದೆ. ಹಾಗೆ ನಿಜವಾಗಿ ಆಗುತ್ತಾ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಆಗುತ್ತದೆ. ಅದು ಲ್ಯುಮಿನಾಲ್. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುತ್ತದೆ, ನೀಲಿ ಬೆಳಕು ಬರುತ್ತದೆ. ತೊಳೆದು ಕಣ್ಣಿಗೆ ಕಾಣದ ಕಲೆಯೂ ಸಿಕ್ಕಿಬೀಳಬಹುದು. ಆದರೆ ಅದು ಇರುವುದು ಸುಮಾರು ಅರ್ಧ ನಿಮಿಷ, ಅದೂ ಕತ್ತಲಲ್ಲಿ. ಸಿನಿಮಾದಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿರುವಾಗಲೇ ಹೊಳೆಯುತ್ತದೆ, ಪಾತ್ರಗಳು ಅದರ ಸುತ್ತ ನಿಂತು ಎರಡು ಪುಟ ಡೈಲಾಗ್ ಹೇಳುತ್ತಾರೆ. ಅಷ್ಟು ಹೊತ್ತಿಗೆ ಬೆಳಕು ಆರಿಹೋಗಿರುತ್ತದೆ. ಕ್ಯಾಮೆರಾ ಮೊದಲೇ ಸ್ಟ್ಯಾಂಡಿನ ಮೇಲೆ ಕೂತಿರಬೇಕು.

ಅದಕ್ಕಿಂತ ಮುಖ್ಯವಾದ ವಿಷಯ ಏನಂದ್ರೆ, ಲ್ಯುಮಿನಾಲ್ ರಕ್ತಕ್ಕೆ ಮಾತ್ರ ಹೊಳೆಯುವುದಿಲ್ಲ. ಬ್ಲೀಚ್‌ಗೂ ಹೊಳೆಯುತ್ತದೆ, ತಾಮ್ರಕ್ಕೂ ಹೊಳೆಯುತ್ತದೆ. ಅದಕ್ಕೇ ಅದು ಬರೀ 'ಇಲ್ಲಿ ನೋಡಿ' ಅಂತ ಕೈ ತೋರಿಸುವ ಪರೀಕ್ಷೆ. ಆಮೇಲೆ ರಕ್ತ ಹೌದಾ ಅಂತ, ಹೌದಾದರೆ ಮನುಷ್ಯರದ್ದಾ ಅಂತ, ಮನುಷ್ಯರದ್ದಾದರೆ ಯಾರದ್ದು ಅಂತ ಬೇರೆ ಬೇರೆ ಪರೀಕ್ಷೆ ಆಗಬೇಕು. ಮಂಡ್ಯದ ಹುಡುಗರು ಇದನ್ನು ಗಮನಿಸಿ: ನಿಮ್ಮ ಕೊಲೆಗಾರ ಆಲೆಮನೆಯ ನೆಲವನ್ನು ಬ್ಲೀಚ್ ಹಾಕಿ ತಿಕ್ಕಿದ್ದರೆ ಇಡೀ ನೆಲ ಹೊಳೆಯುತ್ತದೆ. ಕೊಲೆಗಾರ ಸಿಕ್ಕಿಬಿಟ್ಟ ಅಂತ ಇನ್ಸ್‌ಪೆಕ್ಟರ್ ಖುಷಿಪಡುತ್ತಾನೆ. ನಾಯಕಿಗೆ ಮಾತ್ರ ಇದರಿಂದ ಏನೂ ಹೇಳೋಕಾಗಲ್ಲ ಅಂತ ಗೊತ್ತು. ಬೆಲ್ಲ ಸುರಿಯುವ ಮರದ ಅಚ್ಚುಗಳ ಸಂದಿಯಲ್ಲಿ, ತೊಳೆಯುವ ಕೈಗೆ ಸಿಗದ ಜಾಗದಲ್ಲಿ, ಅವಳು ಹುಡುಕಬೇಕು. ಕತ್ತಲಲ್ಲೇ ನಡೆಯುವ ದೃಶ್ಯ, ನಿಮಗೆ ಲೈಟಿನ ಬಾಡಿಗೆಯೂ ಉಳಿಯುತ್ತದೆ.

ಪ್ರಶ್ನೆ: ಡಾಕ್ಟರ್ ಶವದ ಕಣ್ಣರೆಪ್ಪೆ ಎತ್ತಿ ನೋಡಿ 'ನಿನ್ನೆ ರಾತ್ರಿ 11:40ಕ್ಕೆ ಸತ್ತಿದ್ದಾನೆ' ಅನ್ನುತ್ತಾರೆ. ಅಷ್ಟು ನಿಖರವಾಗಿ ಹೇಳಬಹುದಾ?
— ಓದುಗರು, ನಂಜನಗೂಡು

ಉತ್ತರ: ಹೇಳೋಕಾಗಲ್ಲ. ಇಷ್ಟು ಗಂಟೆಯಿಂದ ಇಷ್ಟು ಗಂಟೆಯ ಒಳಗೆ ಅನ್ನಬಹುದು, ದಿನ ಕಳೆದಷ್ಟೂ ಆ ಅಂತರ ದೊಡ್ಡದಾಗುತ್ತದೆ. ಮೈ ತಣ್ಣಗಾಗುವುದು, ರಕ್ತ ಕೆಳಭಾಗಕ್ಕೆ ಇಳಿದು ಚರ್ಮ ಕೆಂಪು ನೇರಳೆ ಆಗುವುದು, ಮೈ ಸೆಟೆದುಕೊಳ್ಳುವುದು, ಇವನ್ನೆಲ್ಲ ಒಟ್ಟಿಗೆ ನೋಡುತ್ತಾರೆ. ಸೆಟೆದುಕೊಳ್ಳುವುದಕ್ಕೆ ನಮ್ಮ ಕಡೆ ಒಂದು ಅಂದಾಜಿನ ಲೆಕ್ಕ ಹೇಳಿಕೊಡುತ್ತಾರೆ: ಪೂರ್ತಿ ಸೆಟೆಯಲು 12 ಗಂಟೆ, ಹಾಗೇ ಇರುವುದು 12 ಗಂಟೆ, ಬಿಡಲು 12 ಗಂಟೆ. ಬೇಸಿಗೆಯಲ್ಲಿ ಇದೆಲ್ಲ ಬೇಗ ಬೇಗ ಮುಗಿಯುತ್ತದೆ. ಇನ್ನು ಮೈ ತಣ್ಣಗಾಗುವ ಲೆಕ್ಕವಂತೂ ಏಪ್ರಿಲ್ ತಿಂಗಳ ಮಂಡ್ಯದಲ್ಲಿ ಕೈ ಕೊಡುತ್ತದೆ. ಹೊರಗೇ 36, 37 ಡಿಗ್ರಿ ಇದ್ದರೆ ದೇಹ ತಣ್ಣಗಾಗೋದು ಎಲ್ಲಿಂದ?

ಆಗ ನೆರವಿಗೆ ಬರುವುದು ನೊಣ. ಹಗಲಲ್ಲಿ, ಬಯಲಲ್ಲಿ ಬಿದ್ದ ಶವಕ್ಕೆ ಮಾಂಸದ ನೊಣಗಳು ಸ್ವಲ್ಪ ಹೊತ್ತಿಗೇ ಬಂದು ಕಣ್ಣು, ಮೂಗು, ಬಾಯಿ, ಗಾಯದಲ್ಲಿ ಮೊಟ್ಟೆ ಇಡುತ್ತವೆ. ನಮ್ಮ ಸೆಕೆಗೆ ಒಂದು ದಿನದೊಳಗೆ ಮೊಟ್ಟೆ ಒಡೆದು ಹುಳ ಆಗುತ್ತದೆ. ಆ ಹುಳ ಮೂರು ಹಂತದಲ್ಲಿ ಬೆಳೆದು ಕೋಶ ಕಟ್ಟುತ್ತದೆ. ಯಾವ ಜಾತಿಯ ನೊಣ, ಯಾವ ಹಂತ, ಆ ದಿನಗಳ ಬಿಸಿಲು ಎಷ್ಟು, ಇದನ್ನು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಸ್ವಲ್ಪ ಹುಳಗಳನ್ನು ಬಿಸಿನೀರಿಗೆ ಹಾಕಿ ಆಲ್ಕೋಹಾಲ್‌ನಲ್ಲಿ ಇಡುತ್ತಾರೆ, ಸ್ವಲ್ಪವನ್ನು ಜೀವಂತವಾಗಿ ಪೆಟ್ಟಿಗೆಯಲ್ಲಿಟ್ಟು, ಈಲಿ ತುಂಡು ಹಾಕಿ, ನೊಣ ಆಗುವ ತನಕ ಸಾಕುತ್ತಾರೆ. ಯಾವ ಜಾತಿ ಅಂತ ಗಟ್ಟಿಯಾಗಿ ತಿಳಿಯಲು.

ಇದು ಹೊಸ ವಿದ್ಯೆಯೇನೂ ಅಲ್ಲ. 13ನೇ ಶತಮಾನದ ಚೀನಾದ ಒಂದು ಪ್ರಕರಣ ಈ ವಿಷಯ ಓದುವವರಿಗೆಲ್ಲ ಗೊತ್ತು. ಕುಡುಗೋಲಿನಿಂದ ಕೊಲೆಯಾಗಿತ್ತು. ವಿಚಾರಣೆ ಮಾಡಿದವನು ಊರಿನವರ ಕುಡುಗೋಲುಗಳನ್ನೆಲ್ಲ ತರಿಸಿ ಬಯಲಲ್ಲಿ ಇಡಿಸಿದ. ಒಂದರ ಮೇಲೆ ಮಾತ್ರ ನೊಣ ಮುತ್ತಿದವು. ತೊಳೆದರೂ ರಕ್ತದ ವಾಸನೆ ಅವಕ್ಕೆ ಸಿಕ್ಕಿತ್ತು. ಕಬ್ಬು ಕಡಿಯುವ ಕಾಲದಲ್ಲಿ, ಊರಿಗೆ ಊರೇ ಕತ್ತಿ ಹಿಡಿದಿರುವ ಸೀಮೆಯಲ್ಲಿ ನಿಮ್ಮ ಕತೆ ನಡೆಯುತ್ತದೆ ಅಲ್ವಾ?

ಪ್ರಶ್ನೆ: ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಶವ ಸಿಕ್ಕರೆ ಮುಳುಗಿ ಸತ್ತಿದ್ದೋ, ಕೊಂದು ಎಸೆದಿದ್ದೋ ಹೇಗೆ ಗೊತ್ತಾಗುತ್ತದೆ?
— ಓದುಗರು, ಪಾಂಡವಪುರ

ಉತ್ತರ: ಶ್ವಾಸಕೋಶ ಊದಿರುವುದು, ಬಾಯಿ ಮೂಗಿನಲ್ಲಿ ನೊರೆ, ಹೊಟ್ಟೆಯಲ್ಲಿ ನೀರು ಮತ್ತು ಮಣ್ಣು, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದ ಜೊಂಡು, ಇಂಥವನ್ನು ಡಾಕ್ಟರ್ ನೋಡುತ್ತಾರೆ. ಜೊತೆಗೆ ಡಯಾಟಮ್ ಪರೀಕ್ಷೆ ಅಂತ ಒಂದಿದೆ. ಡಯಾಟಮ್ ಅಂದ್ರೆ ನೀರಿನಲ್ಲಿರುವ, ಕಣ್ಣಿಗೆ ಕಾಣದ ಪಾಚಿ. ಅದಕ್ಕೆ ಸಿಲಿಕಾದ ಚಿಪ್ಪು ಇರುತ್ತದೆ. ಜೀವ ಇದ್ದಾಗ ನೀರು ಎಳೆದುಕೊಂಡರೆ ಅದು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ, ಹೃದಯ ಇನ್ನೂ ಬಡಿಯುತ್ತಿರುವುದರಿಂದ, ಮೂಳೆಯ ಮಜ್ಜೆಯವರೆಗೂ ಹೋಗುತ್ತದೆ. ಸತ್ತ ಮೇಲೆ ಎಸೆದಿದ್ದರೆ ಅಷ್ಟು ದೂರ ತಳ್ಳುವವರು ಯಾರು? ಮಜ್ಜೆಯನ್ನು ಆಸಿಡ್‌ನಲ್ಲಿ ಕರಗಿಸಿದರೆ ಮಾಂಸವೆಲ್ಲ ಹೋಗಿ ಆ ಚಿಪ್ಪು ಮಾತ್ರ ಉಳಿಯುತ್ತದೆ. ಅದನ್ನು ಶವ ಸಿಕ್ಕ ಜಾಗದ ನೀರಿನ ಜೊತೆ ಹೋಲಿಸುತ್ತಾರೆ.

ಆದರೆ ಈ ಪರೀಕ್ಷೆಯೊಂದನ್ನೇ ನಂಬಿ ಕೋರ್ಟಿಗೆ ಹೋಗೋಕಾಗಲ್ಲ, ಇದರ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯ ಇದೆ. ನಮ್ಮ ಕಡೆ ಇನ್ನೊಂದು ತೊಡಕು. ಕೆ.ಆರ್.ಎಸ್.ನಿಂದ ಹೊರಟ ನೀರೇ ಹುಲಿಕೆರೆ ಸುರಂಗ ದಾಟಿ ಮದ್ದೂರು, ಮಳವಳ್ಳಿ ಕಡೆಗೆಲ್ಲ ಹೋಗುತ್ತದೆ. ಎಲ್ಲಿ ಬಿದ್ದ, ಎಲ್ಲಿ ತೇಲಿದ ಅನ್ನೋದನ್ನು ನೀರೊಂದೇ ಹೇಳುವುದಿಲ್ಲ. ನಾಲೆಗೆ ಯಾವತ್ತು ನೀರು ಬಿಟ್ಟರು, ಯಾವತ್ತು ನಿಲ್ಲಿಸಿದರು ಅನ್ನುವ ಲೆಕ್ಕ ಮಾತ್ರ ನೀರಾವರಿ ಇಲಾಖೆಯಲ್ಲಿ ಸಿಗುತ್ತದೆ. ನೀರು ನಿಲ್ಲಿಸಿದ ದಿನ ತೂಬಿನ ಹತ್ತಿರ ಏನು ಸಿಕ್ಕಿಹಾಕಿಕೊಂಡಿದೆ ಅಂತ ಮೊದಲು ನೋಡುವವನು ಗದ್ದೆಗೆ ನೀರು ಕಟ್ಟುವ ರೈತ. ಈ ಕತೆಯಲ್ಲಿ ಅವನೂ ಒಬ್ಬ ಸಾಕ್ಷಿ, ಅವನನ್ನು ಸುಮ್ನೆ ಶವ ನೋಡಿ ಕಿರುಚೋಕೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಸೀರಿಯಲ್ ಕಿಲ್ಲರ್ ಕತೆಗಳೆಲ್ಲ ಹಾಲಿವುಡ್‌ನಿಂದ ಎತ್ತಿದ್ದು ಅನ್ನಿಸುತ್ತದೆ. ನಮ್ಮ ಮೈಸೂರಿಗೆ ಇದೆಲ್ಲ ಒಗ್ಗುತ್ತಾ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಮುಖವಾಡ, ಒಗಟಿನ ಚೀಟಿ, ಗೋಡೆಯ ಮೇಲೆ ರಕ್ತದಲ್ಲಿ ಬರೆದ ಬರಹ, ಇವು ಒಗ್ಗುವುದಿಲ್ಲ, ನನಗೂ ಇಷ್ಟವಾಗುವುದಿಲ್ಲ. ಆದರೆ ಸರಣಿ ಕೊಲೆ ಮೈಸೂರಿಗೆ ಹೊರಗಿನದು ಅನ್ನಬೇಡಿ. ಸಯನೈಡ್ ಮೋಹನ್ ಪ್ರಕರಣ ನೆನಪಿದೆ ಅಲ್ವಾ? ದಕ್ಷಿಣ ಕನ್ನಡದ ಶಾಲಾ ಶಿಕ್ಷಕ. 2009ಕ್ಕೆ ಹಿಂದಿನ ಕೆಲವು ವರ್ಷಗಳಲ್ಲಿ 20 ಮಹಿಳೆಯರನ್ನು ಕೊಂದ ಆರೋಪ. ವರದಕ್ಷಿಣೆ ಇಲ್ಲದೆ ಮದುವೆಯಾಗುತ್ತೇನೆ ಅಂತ ನಂಬಿಸಿ ಬೇರೆ ಊರಿಗೆ ಕರೆತಂದು, ಮರುದಿನ ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಮಾತ್ರೆ ಅಂತ ಸಯನೈಡ್ ಕೊಡುತ್ತಿದ್ದ. ಶವಗಳು ಸಿಕ್ಕಿದ್ದು ಬಸ್ ನಿಲ್ದಾಣಗಳ ಶೌಚಾಲಯದಲ್ಲಿ. ಅವುಗಳಲ್ಲಿ ನಮ್ಮ ಮೈಸೂರಿನ ಬಸ್ ನಿಲ್ದಾಣವೂ ಒಂದು, ಅದೂ ಒಂದಲ್ಲ, ಹಲವು ಸಲ.

ನನ್ನನ್ನು ಇವತ್ತಿಗೂ ಕಾಡುವುದು ಇದು. ಆ ಸಾವುಗಳು ಒಂದೊಂದೂ ಬೇರೆ ಬೇರೆ ಫೈಲಾಗಿದ್ದವು. ಒಂದೊಂದೂ ಒಂದು ಯುಡಿಆರ್, ಅಂದ್ರೆ ಅಸಹಜ ಸಾವಿನ ವರದಿ. ಗುರುತು ಸಿಗದ ಹೆಣ್ಣು, ಮೈಮೇಲೆ ಒಡವೆ ಇಲ್ಲ, ಬಸ್ ನಿಲ್ದಾಣದ ಶೌಚಾಲಯ. ಇತ್ತ ಕಡೆ ಕರಾವಳಿಯ ಯಾವುದೋ ಸ್ಟೇಷನ್ನಿನಲ್ಲಿ ಕಾಣೆಯಾದವರ ದೂರು. ಎರಡೂ ಕಾಗದ ಒಂದೇ ಮೇಜಿನ ಮೇಲೆ ಬರಲಿಲ್ಲ. ಕೊನೆಗೆ 2009ರಲ್ಲಿ ಬಂಟ್ವಾಳ ಕಡೆಯ ಒಬ್ಬ ಯುವತಿ ಕಾಣೆಯಾದಾಗ ಊರಿನವರು ಬೀದಿಗಿಳಿದರು, ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು, ಒಂದು ನಂಬರಿನಿಂದ ಇನ್ನೊಂದು ನಂಬರ್, ಅದು ಕಾಣೆಯಾದ ಇನ್ನೊಬ್ಬಳದ್ದು, ಹೀಗೆ ಎಲ್ಲ ಬಿಚ್ಚಿಕೊಂಡಿತು. 2013ರಲ್ಲಿ ಮಂಗಳೂರಿನ ಕೋರ್ಟು ಮೊದಲ ಪ್ರಕರಣಗಳಲ್ಲಿ ತೀರ್ಪು ಕೊಟ್ಟಿತು.

ಹಾಗಾಗಿ ಮಂಡ್ಯದ ಹುಡುಗರಿಗೆ ಇನ್ನೊಂದು ಮಾತು. ನಿಮ್ಮ ನಾಯಕಿ ಕೊಲೆಗಾರನನ್ನು ಹಿಡಿಯುವುದು ಯಾವುದೋ ಮೆಷಿನ್ನಿನಿಂದ ಅಲ್ಲ, ಫೈಲುಗಳಿಂದ ಆಗಲಿ. ಐದು ಸ್ಟೇಷನ್ನಿನ ಐದು ಯುಡಿಆರ್. ಒಂದು ನೇಣು, ಒಂದು ನೀರು, ಒಂದು ಹಾವು ಕಡಿತ ಅಂತ ಮುಗಿಸಿದ್ದಾರೆ. ಲ್ಯಾಬಿಗೆ ಬಂದ ವಿಸೆರಾ ಬಾಟಲಿಗಳ ಲೇಬಲ್ ನೋಡುವಾಗ ಮಾತ್ರ ಅವಳಿಗೆ ಅನುಮಾನ ಹುಟ್ಟುತ್ತದೆ. ಆ ಬಾಟಲಿಯಲ್ಲೂ ಕತೆ ಇದೆ. ವಿಷದ ಅನುಮಾನ ಇದ್ದರೆ ಹೊಟ್ಟೆ, ಈಲಿ, ಮೂತ್ರಪಿಂಡದ ಭಾಗಗಳನ್ನು ಸಾಮಾನ್ಯವಾಗಿ ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಹಾಕಿ ಕಳಿಸುತ್ತಾರೆ. ಅರಿಯದೆ ಫಾರ್ಮಲಿನ್ ಹಾಕಿಬಿಟ್ಟರೆ ವಿಷ ಪತ್ತೆ ಮಾಡುವುದೇ ಕಷ್ಟ. ಸತ್ತವಳು ಹೇಳಬೇಕಾಗಿದ್ದ ಕೊನೆಯ ಸಾಕ್ಷಿ ಅಲ್ಲೇ ಅಳಿಸಿಹೋಗುತ್ತದೆ. ಇದಕ್ಕಿಂತ ಭಯ ಹುಟ್ಟಿಸುವ ದೃಶ್ಯ ನನಗೆ ಗೊತ್ತಿಲ್ಲ.

ಒಂದು ಕೋರಿಕೆಯೂ ಇದೆ. ನಿಜ ಪ್ರಕರಣದಿಂದ ಪ್ರೇರಣೆ ತಗೊಳ್ಳಿ, ಸತ್ತವರ ಹೆಸರು, ಊರು, ಮನೆ ತಗೋಬೇಡಿ. ಅವರ ಅಪ್ಪ ಅಮ್ಮ, ಅಕ್ಕ ತಂಗಿಯರು ಇನ್ನೂ ಇದ್ದಾರೆ.

ಪ್ರಶ್ನೆ: ಕರ್ಚೀಫಿಗೆ ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದ ತಕ್ಷಣ ಬಿದ್ದುಬಿಡುತ್ತಾರಾ? ಕೊನೆಗೆ ನಾರ್ಕೋ ಟೆಸ್ಟ್ ಮಾಡಿಸಿ ಬಾಯಿ ಬಿಡಿಸುತ್ತಾರಲ್ಲ, ಅದು?
— ಓದುಗರು, ಮದ್ದೂರು

ಉತ್ತರ: ಎರಡೂ ಇಲ್ಲ. ಕ್ಲೋರೋಫಾರ್ಮ್‌ಗೆ ಪ್ರಜ್ಞೆ ತಪ್ಪಬೇಕಾದರೆ ಹಲವು ನಿಮಿಷ ಬೇಕು. ನಾರ್ಕೋ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್, ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದು ನಮ್ಮ ರಾಜ್ಯದಿಂದಲೇ ಹೋದ ಕೇಸು, ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ.

ಪ್ರಶ್ನೆ: ಕ್ಲೈಮ್ಯಾಕ್ಸ್‌ನಲ್ಲಿ ಕೊಲೆಗಾರ ತಾನೇ ಒಪ್ಪಿಕೊಂಡರೆ ಫೊರೆನ್ಸಿಕ್‌ಗೆ ಏನು ಕೆಲಸ?
— ಓದುಗರು, ಚಾಮರಾಜಪುರಂ, ಮೈಸೂರು

ಉತ್ತರ: ಒಳ್ಳೆ ಪ್ರಶ್ನೆ. ಇಂಗ್ಲೆಂಡಿನ ಲೆಸ್ಟರ್ ಹತ್ತಿರ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು ಹದಿನೈದರ ಹುಡುಗಿಯ ಕೊಲೆಯಾಯಿತು. 17 ವರ್ಷದ ಒಬ್ಬ ಹುಡುಗ ಎರಡನೆಯದನ್ನು ನಾನೇ ಮಾಡಿದೆ ಅಂತ ಒಪ್ಪಿಕೊಂಡ. ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿ 1984ರಲ್ಲಷ್ಟೇ ಡಿಎನ್‌ಎ ಬೆರಳಚ್ಚು ಕಂಡುಹಿಡಿದಿದ್ದರು, ಅದೂ ಅದೇ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ. ಅವರು ನೋಡಿ ಹೇಳಿದ್ದು: ಎರಡೂ ಒಬ್ಬನ ಕೆಲಸವೇ, ಆದರೆ ಈ ಹುಡುಗನದ್ದಲ್ಲ. ಕೊಲೆ ತನಿಖೆಯಲ್ಲಿ ಡಿಎನ್‌ಎ ಮೊದಲು ಮಾಡಿದ ಕೆಲಸ ನಿರಪರಾಧಿಯನ್ನು ಬಿಡಿಸಿದ್ದು. ಆಮೇಲೆ ಸುತ್ತಲ ಊರುಗಳ ಸಾವಿರಾರು ಗಂಡಸರ ರಕ್ತ ಪರೀಕ್ಷೆ ಆಯಿತು, ನಿಜವಾದ ಕೊಲೆಗಾರ ತನ್ನ ಬದಲು ಸಹೋದ್ಯೋಗಿಯಿಂದ ರಕ್ತ ಕೊಡಿಸಿ ತಪ್ಪಿಸಿಕೊಂಡ, ಆ ಸಹೋದ್ಯೋಗಿ ಪಬ್ಬಿನಲ್ಲಿ ಬಾಯಿ ಬಿಟ್ಟಿದ್ದನ್ನು ಕೇಳಿಸಿಕೊಂಡವರು ಪೊಲೀಸರಿಗೆ ಹೇಳಿದರು. 1988ರಲ್ಲಿ ಆ ಕೊಲೆಗಾರನಿಗೆ ಜೀವಾವಧಿ.

ನಿಮ್ಮ ಸಿನಿಮಾದಲ್ಲೂ ಮಧ್ಯಂತರಕ್ಕೆ ಮೊದಲು ಯಾರೋ ಒಬ್ಬ ಬಡಪಾಯಿ ಒಪ್ಪಿಕೊಳ್ಳಲಿ. ಊರೆಲ್ಲ ಸಮಾಧಾನ ಪಡಲಿ. ನಾಯಕಿ ಮಾತ್ರ 'ಇವನಲ್ಲ' ಅನ್ನಲಿ. ಎಲ್ಲರೂ ಅವಳ ವಿರುದ್ಧ ತಿರುಗಿ ಬೀಳುತ್ತಾರೆ. ನಾಲ್ಕು ಪಾತ್ರ, ಒಂದು ಸ್ಟೇಷನ್ ಕೋಣೆ, ಅಷ್ಟರಲ್ಲೇ ಚಿತ್ರದ ಅತ್ಯುತ್ತಮ ಹತ್ತು ನಿಮಿಷ ಸಿಗಬಹುದು.

ಪ್ರಶ್ನೆ: ಶವಾಗಾರದಲ್ಲಿ ಶೂಟಿಂಗ್‌ಗೆ ಅನುಮತಿ ಸಿಗುತ್ತಾ? ನಾಯಕಿ ಮಂಡ್ಯ ಭಾಷೆ ಮಾತಾಡಬಹುದಾ?
— ಮೊದಲ ಪ್ರಶ್ನೆ ಕೇಳಿದ ಮಂಡ್ಯದ ಓದುಗರೇ

ಉತ್ತರ: ಶವಾಗಾರದ ಹಿಂದೆ ಬೀಳಬೇಡಿ. ಅಲ್ಲಿ ಕಾಯುತ್ತಾ ಕೂತವರ ಮುಂದೆ ಕ್ಯಾಮೆರಾ ಇಡುವುದು ತಪ್ಪು. ಹಳೆಯ ಕಟ್ಟಡದ ಒಂದು ಕೋಣೆ, ಕಲ್ಲಿನ ಮೇಜು, ಬಕೆಟ್ಟು, ಗೋಡೆಗೆ ತೂಗುಹಾಕಿದ ರಿಜಿಸ್ಟರ್ ಸಾಕು. ಕೊಯ್ಯುವುದನ್ನು ತೋರಿಸಬೇಡಿ, ಡಾಕ್ಟರ್ ಹೇಳುತ್ತಾ ಹೋಗುವುದು, ಸಹಾಯಕ ಬರೆದುಕೊಳ್ಳುವುದು, ಅಷ್ಟು ಕೇಳಿಸಲಿ.

ಭಾಷೆ ಖಂಡಿತ ಇರಲಿ. ವಿಜ್ಞಾನಿ ಆದ ಮಾತ್ರಕ್ಕೆ ಪಠ್ಯಪುಸ್ತಕದ ಕನ್ನಡ ಮಾತಾಡಬೇಕು ಅಂತೇನಿಲ್ಲ. ಹೆಡ್ ಕಾನ್‌ಸ್ಟೇಬಲ್ ಹತ್ತಿರ 'ಅಣ್ಣೋ, ಅದ್ನ ಮುಟ್ಬ್ಯಾಡಿ, ಮೊದ್ಲು ಫೋಟೊ ಆಗ್ಲಿ' ಅನ್ನಲಿ, ಕೋರ್ಟಿನಲ್ಲಿ ಸಾಕ್ಷಿ ಕಟ್ಟೆ ಹತ್ತಿದಾಗ ಮಾತು ಬದಲಾಗಲಿ. ಮೈಸೂರು, ಮಂಡ್ಯದಲ್ಲಿ ರಂಗಭೂಮಿಯ ಒಳ್ಳೆಯ ನಟರಿದ್ದಾರೆ, ಮೈಸೂರಿನ ರಂಗಾಯಣದಲ್ಲಿ ಪಳಗಿದವರೂ ಸಿಗುತ್ತಾರೆ. ಹೆಸರಿದ್ದ ನಟನಿಗೆ ಅರ್ಧ ಬಜೆಟ್ ಸುರಿಯುವ ಬದಲು ಅವರನ್ನು ಕೇಳಿ. ಸ್ಕ್ರಿಪ್ಟ್ ಮುಗಿದ ಮೇಲೆ ನಿವೃತ್ತರಾದ ಒಬ್ಬ ಫೊರೆನ್ಸಿಕ್ ಡಾಕ್ಟರಿಗೂ, ಮಹಜರು ಬರೆದು ಬರೆದು ಕೈ ಸವೆದ ಒಬ್ಬ ನಿವೃತ್ತ ಎಎಸ್‌ಐಗೂ ಓದಿಸಿ. ತಪ್ಪು ಹುಡುಕಿ ಅಂತಲೇ ಕೊಡಿ. ಅವರ ಗೌರವಧನವನ್ನು ಈಗಲೇ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ, ಮಾವನಿಗೂ ಹೇಳಿಬಿಡಿ.